ನೆರಳು ಕೊಡದ ಅಂಬಿಗಿತ್ತಿ

ಕೇತಣ್ಣ ಮೂರು ವರ್ಷ ಕೂತು ತಾಳೆಗರಿಯ ಓಲೆಗಳಲ್ಲಿ ಒಂದು ಮಾಯಾಲೋಕದ ಕಥೆ ಬರೆದಿದ್ದ. ಮರುದಿನ ಅದನ್ನು ಅರಮನೆಯ ಸಭೆಯಲ್ಲಿ ಓದಬೇಕಿತ್ತು.

ಆ ಲೋಕದ ದೊರೆ ಪ್ರಜೆಗಳಿಂದ ಕಪ್ಪವಾಗಿ ಕೇಳುವುದು ಅವರ ನೆರಳನ್ನು. ಊರಿಗೆ ಊರೇ ಕೊಡುತ್ತದೆ. ಹೊನ್ನವ್ವ ಎಂಬ ಅಂಬಿಗಿತ್ತಿ ಕೊಡುವುದಿಲ್ಲ. ಕೊನೆಗೆ ನಾಯಕ ವೀರಾಂಗ ರೆಕ್ಕೆಯ ಕುದುರೆ ಏರಿ ಬಂದು ದೊರೆಯನ್ನು ಕೊಲ್ಲುತ್ತಾನೆ.

ಅಂದು ಬೆಳಿಗ್ಗೆ ಅರಮನೆಯ ಕರಣಿಕ ಚನ್ನರಸಯ್ಯ ಕೇತಣ್ಣನಿದ್ದ ಹೊಳೆದಂಡೆಯ ಆಶ್ರಮಕ್ಕೆ ಬಂದ.

"ಅಂಬಿಗಿತ್ತಿಯ ಓಲೆ ತೆಗೆದುಬಿಡು. ದೊರೆಗೆ 'ಆಗುವುದಿಲ್ಲ' ಅನ್ನುವ ಮಾತು ನಮ್ಮ ಸಭೆಯಲ್ಲಿ ಬೇಡ. ತೆಗೆಯದಿದ್ದರೆ ಓದುವುದೂ ಬೇಡ. ಇನ್ನೆಂದೂ."

ಹೊರಗೆ ಅವನನ್ನು ಕೂರಿಸಿ ಕೇತಣ್ಣ ಒಳಗೆ ಹೋದ. ಗುರು ಬಾಚಯ್ಯನವರು ದೀಪದ ಮಸಿಗೆ ಎಣ್ಣೆ ಹಾಕಿ ಕಲಸುತ್ತಿದ್ದರು.

"ಒಂದೇ ಓಲೆ ಗುರುಗಳೇ. ಅವಳೇನು ನಾಯಕಿಯಲ್ಲ. ತೆಗೆದರೂ ಕಥೆ ನಿಲ್ಲುತ್ತದೆ."

"ನಿನ್ನ ನಾಯಕ ಎಂಥವನು?"

"ಶೂರ. ಸತ್ಯವಂತ. ಯಾರಿಗೂ ತಲೆಬಾಗದವನು."

"ಯಾರು ಹೇಳಿದರು?"

"ನಾನೇ ಬರೆದಿದ್ದೇನಲ್ಲ. ಹನ್ನೆರಡು ಓಲೆ."

"ದೊರೆ ಅವನ ನೆರಳು ಕೇಳಿದನೇ?"

ಕೇತಣ್ಣ ನಕ್ಕ. "ನಾಯಕನನ್ನು ಯಾರು ಕೇಳುತ್ತಾರೆ? ಅವನು ಹಾರಿಕೊಂಡು ಬರುತ್ತಾನೆ."

ಬಾಚಯ್ಯನವರು ನಗಲಿಲ್ಲ. "ಆ ಅಂಬಿಗಿತ್ತಿಯ ಓಲೆ ಕೊಡು."

ಓಲೆಯ ಮೇಲೆ ಅಕ್ಷರ ಕೊರೆದಿತ್ತು, ಮಸಿ ತುಂಬಿರಲಿಲ್ಲ. ಗುರು ಅದನ್ನು ತೋಳಿನಳತೆ ದೂರದಲ್ಲಿ ಹಿಡಿದರು.

"ಓದು."

"ಹೇಗೆ ಓದಲಿ? ಏನೂ ಕಾಣುವುದಿಲ್ಲ."

ಅವರು ಓಲೆಯ ಉದ್ದಕ್ಕೂ ಮಸಿ ಬಳಿದರು. ಓಲೆ ಕಪ್ಪಾಯಿತು. ಬಟ್ಟೆಯಿಂದ ಒರೆಸಿದರು. ಕೊರೆದ ಗೀರುಗಳಲ್ಲಿ ಮಾತ್ರ ಮಸಿ ಉಳಿಯಿತು.

"ಈಗ?"

ಕೇತಣ್ಣ ಓದಿದ. "'ಬೇಕಾದರೆ ದೋಣಿ ತಗೊಂಡು ಹೋಗು ದೊರೆಯೇ. ನೆರಳು ನಮ್ಮವ್ವ ಕೊಟ್ಟದ್ದು, ಅದು ನಿನ್ನ ಬೊಕ್ಕಸಕ್ಕಲ್ಲ.'"

"ಅಕ್ಷರ ಬರೆದದ್ದು ಮಸಿಯೇ?"

"ಅಲ್ಲ. ಮೊದಲೇ ಇತ್ತು. ಮಸಿ ತೋರಿಸಿತು."

"ದೊರೆ ನೆರಳು ಕೇಳಿದ್ದೂ ಇಂಥ ಮಸಿಯೇ ಕಣಯ್ಯ. ಕಥೆಯಲ್ಲಿರುವ ಎಲ್ಲರ ಮೇಲೂ ಬಳಿಯಬೇಕಾದದ್ದು ಅದು. ನೀನು ಅದನ್ನು ಈ ಹೆಂಗಸಿನ ಮೇಲೆ ಬಳಿದೆ, ಅವಳು ಯಾರೆಂದು ಕಂಡಿತು. ನಿನ್ನ ವೀರಾಂಗನಿಗೆ ಹನ್ನೆರಡು ಓಲೆ ಹೊಗಳಿಕೆ ಕೊಟ್ಟೆ, ಮಸಿಯಿಂದ ತಪ್ಪಿಸಿ ಕುದುರೆ ಹತ್ತಿಸಿದೆ. ಅವನು ಯಾರೋ, ನನಗಂತೂ ಗೊತ್ತಿಲ್ಲ. ನಿನಗೆ ಗೊತ್ತೇ?"

ಕೇತಣ್ಣ ಅವರ ಕೈಯಿಂದ ಓಲೆಯನ್ನು ತೆಗೆದುಕೊಂಡ.

ಕರಣಿಕ ಬಾಗಿಲಿಗೆ ಬಂದ. "ಆಯಿತೇನಪ್ಪ? ಒಂದು ಓಲೆ ತೆಗೆಯುವುದಕ್ಕೆ ಎಷ್ಟು ಹೊತ್ತು? ತಾ ಇಲ್ಲಿ."

ಚಾಚಿದ ಕೈಯನ್ನು ಕೇತಣ್ಣ ನೋಡಿದ. ತನ್ನ ಕಥೆಯ ದೊರೆ ಹೊನ್ನವ್ವನ ದೋಣಿಯ ಮುಂದೆ ಹೀಗೇ ಕೈ ಚಾಚಿ ನಿಂತಿದ್ದು ನೆನಪಾಯಿತು.

ಅವನು ಓಲೆಯನ್ನು ಕಟ್ಟಿನಲ್ಲಿ ಅದರ ಜಾಗಕ್ಕೆ ಸೇರಿಸಿದ. ದಾರ ಪೋಣಿಸಿ ಬಿಗಿದ.

"ತೆಗೆಯುವುದಿಲ್ಲ."

"ಸಭೆ?"

"ಹೋಗಲಿ."

"ಮೂರು ವರ್ಷದ ಕೆಲಸ ಕಣೋ, ಹುಚ್ಚ."

"ಗೊತ್ತು. ಇಲ್ಲೇ ದಂಡೆಯ ಮೇಲೆ ಕೂತು ಓದುತ್ತೇನೆ. ದೋಣಿ ದಾಟುವವರು ಕೇಳಲಿ."

ಕರಣಿಕ ಗುರುಗಳ ಕಡೆ ತಿರುಗಿದ. "ಅಯ್ಯನವರೇ, ನೀವಾದರೂ ಬುದ್ಧಿ ಹೇಳಿ. ಅರಮನೆಗೆ ನಾನು ಏನಂತ ಹೇಳಲಿ?"

ಬಾಚಯ್ಯನವರು ಬರೆಯದ ಓಲೆಯೊಂದನ್ನು ತೆಗೆದು ಶಿಷ್ಯನ ಮುಂದಿಟ್ಟರು.

"ಒಂದು ಓಲೆ ಹೆಚ್ಚಾಗುತ್ತದೆ ಅಂತ ಹೇಳು. ನಾಯಕನ ನೆರಳನ್ನು ಇನ್ನೂ ಯಾರೂ ಕೇಳಿಲ್ಲ."