ಮುಂದಿನವರು ಯಾರು?

ಕಾಳಿ ನದಿ ಸಮುದ್ರ ಸೇರುವ ಕಡೆ, ದೋಣಿಕಟ್ಟೆಯ ಪಕ್ಕದಲ್ಲಿ, ಸೆವ್ರಿನಾ ಬಾಯಿಯ ವಿಡಿಯೋ ಗೇಮ್ ಅಂಗಡಿ ಇತ್ತು. ಒಳಗೆ ಹೊಡೆದಾಟದ ಆಟದ ದೊಡ್ಡ ಯಂತ್ರ. ಒಂದೇ ಪರದೆ, ಎರಡು ಹಿಡಿಕೆ. ಇಬ್ಬರು ಭುಜಕ್ಕೆ ಭುಜ ತಾಗಿಸಿ ನಿಂತು ಆಡಬೇಕು.

ಆ ಯಂತ್ರದ ಮುಂದೆ ನಿಲ್ಲುವುದನ್ನು ಉಲ್ಲಾಸ ಕಲಿತದ್ದು ಸೆವ್ರಿನಾ ಬಾಯಿಯಿಂದಲೇ. ಯಾವಾಗ ಒದೆಯಬೇಕು, ಯಾವಾಗ ತಡೆಯಬೇಕು, ಪಕ್ಕದವನ ಉಸಿರು ಬದಲಾದದ್ದನ್ನು ಹೇಗೆ ಗಮನಿಸಬೇಕು, ಎಲ್ಲವನ್ನೂ. ಈಗ ಅವನು ಹಗಲು ಮಂಜುಗಡ್ಡೆ ಕಾರ್ಖಾನೆಯಲ್ಲಿ ದುಡಿದು ಸಂಜೆ ಇಲ್ಲಿಗೆ ಬರುತ್ತಿದ್ದ. ಸುತ್ತಲಿನ ಊರುಗಳಲ್ಲಿ ಅವನನ್ನು ಸೋಲಿಸುವವರು ಇರಲಿಲ್ಲ.

ಹೊಡೆದಾಟದ ಆಟಗಳಿಗೆ ಬರಗಾಲ ಬಿದ್ದ ವರ್ಷಗಳವು. ಹೊಸ ಆಟಗಳು ಬರುವುದು ನಿಂತಿತ್ತು. ಹುಬ್ಬಳ್ಳಿಯಲ್ಲಿದ್ದ ಇಂಥದೇ ಅಂಗಡಿ ಚಪ್ಪಲಿ ಅಂಗಡಿಯಾಯಿತು. ಬೆಳಗಾವಿಯದರಲ್ಲಿ ಮದುವೆ ಸೀರೆ ಮಾರತೊಡಗಿದರು. ಬಾಯಿಯ ಅಂಗಡಿಯಲ್ಲೂ ಸಾಲುಗಟ್ಟಿ ನಿಲ್ಲುತ್ತಿದ್ದವರು ಕರಗುತ್ತಾ ಬಂದು, ಕೊನೆಗೆ ಉಲ್ಲಾಸ ಒಬ್ಬನೇ ಉಳಿದ. ಯಂತ್ರದ ಜೊತೆಗೇ ಆಡುತ್ತಿದ್ದ.

ಒಂದು ಸಂಜೆ ಬಾಯಿ ಹೇಳಿದರು: "ಗುಜರಿಯವನಿಗೆ ಮಾತು ಕೊಟ್ಟಿದ್ದೇನೆ. ಮುಂದಿನ ವಾರ ಬಂದು ಯಂತ್ರ ಒಯ್ಯುತ್ತಾನೆ."

ಉಲ್ಲಾಸನ ಕೈ ಹಿಡಿಕೆಯ ಮೇಲೇ ನಿಂತಿತು.

"ಬೇಡ ಬಾಯಿ! ಅಂಗಡಿ ನನಗೆ ಬಿಡಿ, ನಾನು ನಡೆಸ್ತೇನೆ. ಭಾನುವಾರ ಮಡಗಾಂವ್‌ನಲ್ಲಿ ಪಂದ್ಯ ಇದೆ. ಗೆದ್ದು ಕಪ್ ತಂದು ಇಲ್ಲೇ ಬಾಗಿಲಲ್ಲಿ ಇಡ್ತೇನೆ. ಅದನ್ನ ನೋಡಿ ಎಲ್ಲರೂ ಬರ್ತಾರೆ."

"ಹೋಗಿ ಬಾ," ಎಂದರು ಬಾಯಿ.

ಭಾನುವಾರ ಉಲ್ಲಾಸ ಮಡಗಾಂವ್‌ನ ಆ ಸಭಾಂಗಣದ ಬಾಗಿಲು ತಳ್ಳಿದಾಗ ಕುರ್ಚಿಗಳು ಇನ್ನೂ ಒಂದರ ಮೇಲೊಂದು ಪೇರಿಸಿಟ್ಟಂತೆಯೇ ಇದ್ದವು. ಪಂದ್ಯ ನಡೆಸುವವನು ಮೂಲೆಯಲ್ಲಿ ಕೂತು ಬಾಳೆಹಣ್ಣು ತಿನ್ನುತ್ತಿದ್ದ.

"ನಾನು ಬೇಗ ಬಂದೆನಾ?"

"ಇಲ್ಲ, ಸರಿಯಾದ ಹೊತ್ತಿಗೇ ಬಂದಿದ್ದೀರಿ."

"ಮತ್ತೆ ಉಳಿದವರು?"

"ಹೆಸರು ಕೊಟ್ಟವರು ನೀವೊಬ್ಬರೇ."

ಉಲ್ಲಾಸನಿಗೆ ಮಾತು ತಿಳಿಯಲಿಲ್ಲ. ಇನ್ನೊಮ್ಮೆ ಕೇಳಿದ. ಅವನು ಇನ್ನೊಮ್ಮೆ ಅದನ್ನೇ ಹೇಳಿದ. ಆಮೇಲೆ ಕೈ ಒರೆಸಿಕೊಂಡು ಎದ್ದು, ಕಪ್ ತಂದು ಉಲ್ಲಾಸನ ಕೈಗಿಟ್ಟ.

"ಎತ್ತಿ ಹಿಡೀರಿ. ಒಂದು ಫೋಟೋ ಬೇಕು."

ಉಲ್ಲಾಸ ಎತ್ತಿ ಹಿಡಿದ. ಫೋಟೋ ತೆಗೆದವನು ಕ್ಯಾಮೆರಾ ಕೆಳಗಿಟ್ಟು, ಬೇರೆ ಯಾರೂ ಇರಲಿಲ್ಲವೆಂದು, ತಾನೇ ಚಪ್ಪಾಳೆ ತಟ್ಟಿದ.

ಊರಿಗೆ ಬಂದವನೇ ಉಲ್ಲಾಸ ಕಪ್ಪನ್ನು ಬಾಯಿಯ ಮುಂದಿಟ್ಟ.

"ಇದರಲ್ಲಿ ಯಾರ ಸೋಲಿದೆ?" ಬಾಯಿ ಕೇಳಿದರು.

"ಯಾರದೂ ಇಲ್ಲ. ಒಬ್ಬರೂ ಬಂದಿರಲಿಲ್ಲ ಬಾಯಿ. ಮೊದಲನೇ ಸಲ ಹೀಗಾದದ್ದು. ಎದುರಿಗೆ ಯಾರೂ ಇಲ್ಲದೆ ಗೆದ್ದೆ."

"ಮೊದಲನೇ ಸಲವೇನಲ್ಲ," ಎಂದರು ಬಾಯಿ. "ದತ್ತಾರಾಮನನ್ನು ಕೇಳು."

ದತ್ತಾರಾಮ ಕ್ಷೌರಿಕ. ಹಿಂದೆ ದಿನಾ ಸಂಜೆ ಆಡಲು ಬರುತ್ತಿದ್ದವನು, ಈಗ ಬಿಟ್ಟು ಬಹಳ ಕಾಲವಾಗಿತ್ತು. ಉಲ್ಲಾಸ ಹೋದಾಗ ಯಾರದೋ ಕೆನ್ನೆಗೆ ನೊರೆ ಹಚ್ಚುತ್ತಿದ್ದ.

"ನೀನೂ ಉಳಿದವರ ಹಾಗೆ ಮನೆಯಲ್ಲೇ ಆಟದ ಪೆಟ್ಟಿಗೆಯನ್ನ ಟಿವಿಗೆ ಹಚ್ಚಿ ಆಡ್ತೀಯೇನು?" ಉಲ್ಲಾಸ ಕೇಳಿದ.

"ನನ್ನ ಮನೆಯಲ್ಲಿ ಟಿವಿಯೇ ಇಲ್ಲ ಮಾರಾಯ."

"ಮತ್ತೆ ಯಾಕೆ ಬಿಟ್ಟೆ?"

ದತ್ತಾರಾಮ ಕನ್ನಡಿಯಲ್ಲೇ ಅವನನ್ನು ನೋಡಿದ. "ನಿನ್ನಿಂದ."

ಉಲ್ಲಾಸ ನಕ್ಕ. ದತ್ತಾರಾಮ ನಗಲಿಲ್ಲ.

"ಒಂದೇ ಒಂದು ಏಟು ಹೊಡೆಯೋದಕ್ಕೂ ನೀನು ಬಿಡಲಿಲ್ಲ. ಇರಲಿ, ಸೋತದ್ದಕ್ಕೆ ನನಗೆ ಬೇಜಾರಿಲ್ಲ. ಆದರೆ ನಾನು ಬಿದ್ದ ಕೂಡಲೇ ನೀನು ಹಿಂದಕ್ಕೆ ತಿರುಗಿ 'ಮುಂದಿನವರು ಯಾರು?' ಅಂತ ಕೂಗ್ತಿದ್ದೆ. ನಾನಿನ್ನೂ ನಿನ್ನ ಪಕ್ಕದಲ್ಲೇ ನಿಂತಿರ್ತಿದ್ದೆ. ನನ್ನ ಮುಖ ಒಂದು ದಿನವಾದರೂ ನೋಡಿದ್ದೀಯಾ? ನನಗೊಬ್ಬನಿಗೇ ಅಲ್ಲ, ಎಲ್ಲರಿಗೂ ಹಾಗೇ."

ನೊರೆ ಹಚ್ಚಿಸಿಕೊಂಡವನು ಕಣ್ಣು ತೆರೆದು ಉಲ್ಲಾಸನನ್ನೇ ನೋಡಿದ. ಆಟಗಾರರು ಬಾರದ್ದಕ್ಕೆ ಇಷ್ಟು ದಿನ ಉಲ್ಲಾಸ ಫೋನುಗಳನ್ನು ಬೈದಿದ್ದ, ಆಟ ಮಾಡುವ ಕಂಪನಿಗಳನ್ನು ಬೈದಿದ್ದ, ಕಾಲವನ್ನೇ ಬೈದಿದ್ದ. ಅವೆಲ್ಲ ಸುಳ್ಳೂ ಆಗಿರಲಿಲ್ಲ. ಆದರೆ ಈ ಒಂದು ಮಾತನ್ನು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಗುಜರಿಯವನು ಕೈಗಾಡಿ ತಂದ ದಿನ ಉಲ್ಲಾಸ ಕೆಲಸಕ್ಕೆ ಹೋಗದೆ ಅಂಗಡಿಯಲ್ಲೇ ಇದ್ದ. ಗಾಡಿ ಹೊರಗೆ ನಿಂತಿತ್ತು. ಗುಜರಿಯವನು ಹಗ್ಗ ಬಿಡಿಸುತ್ತಿದ್ದ.

ಅಷ್ಟರಲ್ಲಿ ಪುಸ್ತಕದ ಚೀಲ ನೇತುಹಾಕಿಕೊಂಡ ಹುಡುಗಿಯೊಬ್ಬಳು ಬಾಗಿಲಲ್ಲಿ ಇಣುಕಿದಳು. ಕಾಲೇಜು ಮುಗಿಸಿ ಆಚೆ ದಡಕ್ಕೆ ಹೊರಟವಳು, ದೋಣಿಗೆ ಕಾಯುತ್ತಿದ್ದಳು. ಹೆಸರು ಶೆವಂತಿ ಎಂದಳು.

"ಇದನ್ನ ಆಡೋದು ಹೇಗೆ?"

ಉಲ್ಲಾಸ ಬಾಯಿಯ ಕಡೆ ನೋಡಿದ. ಬಾಯಿ ಯಂತ್ರದ ಗುಂಡಿ ಒತ್ತಿದರು. ಪರದೆ ಬೆಳಗಿತು.

"ಬನ್ನಿ, ನಿಂತ್ಕೊಳ್ಳಿ," ಎಂದ ಉಲ್ಲಾಸ. "ಸುಮ್ಮನೆ ಗುಂಡಿಗಳನ್ನ ಒತ್ತಿ. ತಾನಾಗೇ ಬರ್ತದೆ."

ದತ್ತಾರಾಮನ ಮಾತು ಅವನ ಎದೆಯಲ್ಲಿ ಕೂತಿತ್ತು. ಈ ಸಲ ಅವನು ಗೆಲ್ಲಲಿಲ್ಲ. ಶೆವಂತಿ ಸಿಕ್ಕ ಸಿಕ್ಕ ಗುಂಡಿ ಒತ್ತಿದಳು. ಪರದೆಯ ಮೇಲಿನ ಉಲ್ಲಾಸನ ಜಟ್ಟಿ ಹೊಡೆತ ತಿಂದು ತಿಂದು ಬಿದ್ದ.

"ಅಯ್ಯೋ, ಗೆದ್ದೆ!" ಎಂದು ಅವಳು ಕೂಗಿದಳು.

ಉಲ್ಲಾಸ ತಿರುಗಿ ಅವಳ ಮುಖ ನೋಡಿದ. ನಕ್ಕ. ಮತ್ತೆ ಆಡಿದರು. ಮತ್ತೆ ಅವಳೇ ಗೆದ್ದಳು.

ಮೂರನೆಯ ಆಟದ ನಡುವೆ ಶೆವಂತಿ ಹಿಡಿಕೆಯಿಂದ ಎರಡೂ ಕೈ ತೆಗೆದಳು. ಅವಳ ಜಟ್ಟಿ ಸುಮ್ಮನೆ ನಿಂತ. ಎದುರಿನ ಉಲ್ಲಾಸನ ಜಟ್ಟಿಯೂ ಸುಮ್ಮನೆ ನಿಂತ. ಇಬ್ಬರೂ ಪರದೆಯ ಮೇಲೆ ಹಾಗೇ ನಿಂತಿದ್ದರು.

"ನೀವು ಹೊಡೀತಾನೇ ಇಲ್ಲ," ಎಂದಳು ಶೆವಂತಿ.

ಉಲ್ಲಾಸ ಪರದೆಯ ಕಡೆಗೇ ನೋಡಿದ.

"ನಾನೇನು ಎಳೆ ಮಗುವಾ? ಸಮಾಧಾನ ಮಾಡೋದಕ್ಕೆ ಸೋಲ್ತೀರಾ?" ಅವಳ ಮುಖ ಕೆಂಪಾಗಿತ್ತು. ಚೀಲ ಹೆಗಲಿಗೇರಿಸಿಕೊಂಡು, ಹಿಂದಕ್ಕೆ ನೋಡದೆ ದೋಣಿಕಟ್ಟೆಯ ಕಡೆ ಹೊರಟೇಹೋದಳು.

ಉಲ್ಲಾಸ ಕಪಾಳಕ್ಕೆ ಏಟು ತಿಂದವನ ಹಾಗೆ ನಿಂತ. ಪರದೆಯ ಮೇಲೆ ಆಟದ ಹೊತ್ತು ಮುಗಿಯಿತು. ಗುಜರಿಯವನು ಹಗ್ಗ ಹಿಡಿದು ಒಳಗೆ ಬಂದ.

"ನಾನು ಗೆದ್ದರೆ ಹೋಗ್ತಾರೆ," ಎಂದ ಉಲ್ಲಾಸ. "ಸೋತರೂ ಹೋಗ್ತಾರೆ. ಇನ್ನೇನು ಮಾಡಬೇಕು ಬಾಯಿ?"

"ಅವಳು ಬಂದವಳೇ ಏನು ಕೇಳಿದಳು?"

ಉಲ್ಲಾಸ ನೆನಪು ಮಾಡಿಕೊಂಡ. "ಆಡೋದು ಹೇಗೆ ಅಂತ."

ಹೇಳಿದವನು ತನ್ನ ಮಾತನ್ನು ತಾನೇ ಕೇಳಿಸಿಕೊಂಡು ಬೆಚ್ಚಿದ.

ಬಾಯಿ ಗುಜರಿಯವನಿಗೆ "ಇವತ್ತು ಬೇಡ, ಹೋಗು" ಎಂದು ಕೈಸನ್ನೆ ಮಾಡಿದರು. ಆಮೇಲೆ ಶಿಷ್ಯನ ಕಡೆ ತಿರುಗಿದರು.

"ದತ್ತಾರಾಮನಿಗೆ ನೀನು ನಿನ್ನ ಗೆಲುವು ಕೊಟ್ಟೆ. ಇವಳಿಗೆ ನಿನ್ನ ಸೋಲು ಕೊಟ್ಟೆ. ಆಟವನ್ನ ಯಾರಿಗೆ ಅಂತ ಇಟ್ಟುಕೊಂಡಿದ್ದೀಯ?"