ಮಜ್ಜಿಗೆ ಕಲೆಸಿದ ಕೈ

"ಮನಸ್ಸು ಶುದ್ಧವಾಗಿದ್ದರೆ ಕೈಯೂ ಶುದ್ಧವಲ್ಲವೇ, ಬುದ್ಧಿ?"

ಗುರುಗಳನ್ನು ಹೀಗೆ ಕೇಳಿದವನು ಗುರುಮಲ್ಲ. ಮಠದ ದಾಸೋಹದಲ್ಲಿ ಅನ್ನಕ್ಕೆ ಸಾರು ಹಾಕಿ, ಕೈಯಾರೆ ಕಲೆಸಿ ಬಡಿಸುವುದು ಅವನ ಸೇವೆ. ವಿಷಮಶೀತ ಜ್ವರದಿಂದ ಹಾಸಿಗೆ ಹಿಡಿದಿದ್ದವನು ಈಗ ಎದ್ದು ಓಡಾಡುತ್ತಿದ್ದ. ಆದರೂ ವೈದ್ಯರು ಪರೀಕ್ಷಿಸಿ ಹೇಳುವ ತನಕ ಅಡುಗೆಮನೆಯ ಹೊಸ್ತಿಲು ದಾಟಬೇಡ, ಸೌದೆ ಒಡೆದುಕೊಂಡಿರು ಎಂದು ಗುರುಗಳು ಹೇಳಿಬಿಟ್ಟಿದ್ದರು. ತನ್ನನ್ನು ಕಳ್ಳನ ಹಾಗೆ ಹೊರಗಿಟ್ಟರಲ್ಲ ಎಂದು ಅವನಿಗೆ ಬಹಳ ನೋವಾಗಿತ್ತು.

ಕೊಡಲಿ ಕೆಳಗಿಟ್ಟು ಕುಳಿತುಕೋ ಎಂದರು ಗುರುಗಳು. ಅವನು ಕುಳಿತ ಮೇಲೆ ಕತೆ ಹೇಳತೊಡಗಿದರು.

ಸಂತೆಗೆ ಹೋಗುವ ದಾರಿಯಲ್ಲಿ, ಹೊಂಗೆಮರದ ಕೆಳಗೆ, ಹೊನ್ನಾಜಮ್ಮ ಎಂಬ ವಿಧವೆ ಅರವಟ್ಟಿಗೆ ಇಟ್ಟಿದ್ದಳು. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು, ಮಜ್ಜಿಗೆ. ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅವಳಿಗಿದ್ದ ಒಬ್ಬಳೇ ಮಗಳು ಜ್ವರದಲ್ಲಿ ತೀರಿಕೊಂಡಿದ್ದಳು. ಕೊನೆಗಳಿಗೆಯಲ್ಲಿ ಮಜ್ಜಿಗೆ ಕೇಳಿದ್ದಳು, ತರುವಷ್ಟರಲ್ಲಿ ಉಸಿರು ನಿಂತಿತ್ತು. ಆ ಮಗುವಿನ ಹೆಸರಿನಲ್ಲಿ ಈ ಅರವಟ್ಟಿಗೆ. ಅದೊಂದನ್ನು ಬಿಟ್ಟರೆ ಹೊನ್ನಾಜಮ್ಮನಿಗೆ ಬದುಕಲು ಬೇರೆ ಕಾರಣವಿರಲಿಲ್ಲ.

ಮಜ್ಜಿಗೆಗೆ ಅವಳು ಸೌಟು ಹಾಕಿದವಳಲ್ಲ. ಉಪ್ಪು, ಶುಂಠಿ, ಕೊತ್ತಂಬರಿ ಸೊಪ್ಪನ್ನು ಅಂಗೈಯಲ್ಲೇ ಹೊಸಕಿ, ಮೊಣಕೈವರೆಗೆ ಗುಡಾಣದೊಳಗೆ ಇಳಿಸಿ ಕಲೆಸುತ್ತಿದ್ದಳು. ಸೌಟು ಆಡಿಸಿದರೆ ಮಜ್ಜಿಗೆ ಮುನಿಸಿಕೊಳ್ಳುತ್ತದೆ ಎನ್ನುತ್ತಿದ್ದಳು. ಕುಡಿದವರು ಬಾಯಿ ಚಪ್ಪರಿಸಿ, ಏನು ಕೈಗುಣವಮ್ಮ ನಿನ್ನದು ಎನ್ನುತ್ತಿದ್ದರು. ಗಾಡಿಯವರಂತೂ ಅಲ್ಲಿ ಎತ್ತು ಬಿಡದೆ ಮುಂದೆ ಹೋಗುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಸುತ್ತಲ ಹಳ್ಳಿಗಳಲ್ಲಿ ಜ್ವರ ಕಾಣಿಸಿಕೊಂಡಿತು. ಮಕ್ಕಳು ಸತ್ತರು. ಕೆರೆಯ ನೀರಿನದೇ ದೋಷವಿರಬೇಕೆಂದು ಜನ ನೀರು ಕಾಯಿಸಿ ಕುಡಿದರು. ಹೊನ್ನಾಜಮ್ಮನೂ ಕಾಯಿಸಿ ಆರಿಸಿದ ನೀರಿನಲ್ಲೇ ಮಜ್ಜಿಗೆ ಮಾಡಿದಳು. ಜ್ವರ ಇಳಿಯಲಿಲ್ಲ. ಮಾರಮ್ಮ ಮುನಿದಿದ್ದಾಳೆ ಎಂದು ಕೆಲವರು ಹರಕೆ ಹೊತ್ತರು. ಹೊನ್ನಾಜಮ್ಮ ಮಾತ್ರ, ಅಯ್ಯೋ ಪಾಪ, ಒಲೆ ಹಚ್ಚಲೂ ಕೈಲಾಗದ ಮನೆಗಳಿವು ಎಂದು, ಮಜ್ಜಿಗೆಯನ್ನು ತಾನೇ ಹೊತ್ತು ಮನೆಮನೆಗೆ ಕೊಟ್ಟು ಬಂದಳು.

ಆಗ ಆ ಕಡೆಗೆ ಒಬ್ಬ ವೈದ್ಯ ಬಂದ. ಜನ ಅವನನ್ನು ಜ್ವರ ಬಂದವರ ಮನೆಗಳಿಗೆ ಕರೆದುಕೊಂಡು ಹೋದರು. ಎಲ್ಲರನ್ನೂ ನೋಡಿ, ಔಷಧಿ ಕೊಟ್ಟು, ಇನ್ನು ಜ್ವರ ಬಾರದವರ ಮನೆ ತೋರಿಸಿ ಎಂದ. ಗಟ್ಟಿಮುಟ್ಟಾಗಿರುವವರ ನಾಡಿ ಹಿಡಿಯುವ ವೈದ್ಯನನ್ನು ಎಲ್ಲಿಯೂ ಕಾಣೆವಪ್ಪ ಎಂದು ಜನ ನಕ್ಕರು. ನಗಲಿ ಬಿಡು. ಅವನು ಎರಡೂ ಬಗೆಯ ಮನೆಗಳಲ್ಲಿ ಒಂದೇ ಪ್ರಶ್ನೆ ಕೇಳಿದ. ಏನು ತಿಂದಿರಿ, ಏನು ಕುಡಿದಿರಿ, ಎಲ್ಲಿ ಕುಡಿದಿರಿ?

ಒಬ್ಬ ಗಾಡಿಯವನಿಗೆ ಏನೂ ಆಗಿರಲಿಲ್ಲ. ಅವನ ಜೊತೆಗಾರ ಜ್ವರದಲ್ಲಿ ಮಲಗಿದ್ದ. ಇಬ್ಬರೂ ಹೊಂಗೆಮರದ ಕೆಳಗೆ ಕುಳಿತವರೇ. ಆದರೆ ಮಜ್ಜಿಗೆ ಕುಡಿದರೆ ನೆಗಡಿಯಾಗುತ್ತದೆಂದು ಮೊದಲಿನವನು ಗಿಂಡಿಯಿಂದ ಸುರಿದ ನೀರನ್ನಷ್ಟೇ ಬೊಗಸೆಯೊಡ್ಡಿ ಕುಡಿದಿದ್ದ. ಒಬ್ಬನ ಮಾತಿನಿಂದ ತೀರ್ಮಾನಕ್ಕೆ ಬರಬಾರದೆಂದು ವೈದ್ಯ ಊರೂರು ತಿರುಗಿದ. ಹೆಚ್ಚುಕಡಿಮೆ ಎಲ್ಲ ಕಡೆಯೂ ಅದೇ ಉತ್ತರ. ನೀರು ಎರಡಕ್ಕೂ ಒಂದೇ. ಮಜ್ಜಿಗೆಗೆ ಮಾತ್ರ ಒಂದು ಕೈ ಇಳಿಯುತ್ತಿತ್ತು.

ವೈದ್ಯ ಅರವಟ್ಟಿಗೆಗೆ ಬಂದ. ಹೊನ್ನಾಜಮ್ಮ ಲೋಟ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. ಇಂಥ ಜ್ವರ ನಿನಗೆ ಎಂದಾದರೂ ಬಂದಿತ್ತೇ ಎಂದು ಕೇಳಿದ. ಬಂದಿತ್ತು, ಬದುಕಿಕೊಂಡೆ, ನಾನು ಎದ್ದೆ, ಮಗಳು ಮಲಗಿದಳು ಎಂದಳು. ಆಗ ಅವನು ಮೆಲ್ಲಗೆ ಬಿಡಿಸಿ ಹೇಳಿದ. ಜ್ವರ ಬಿಟ್ಟರೂ ಕೆಲವರ ಹೊಟ್ಟೆಯಲ್ಲಿ ಅದರ ಬೀಜ ಉಳಿದುಬಿಡುತ್ತದೆ. ಅವರಿಗೆ ಏನೂ ಮಾಡುವುದಿಲ್ಲ. ಎಷ್ಟೋ ಕಾಲ ಸುಮ್ಮನಿದ್ದು, ಒಮ್ಮೊಮ್ಮೆ ಮಲದ ಜೊತೆ ಹೊರಬೀಳುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಬರಿಯ ನೀರಿನಲ್ಲಿ ತೊಳೆದರೆ ಉಗುರಿನ ಸಂದಿಯಿಂದ ಹೋಗುವುದೂ ಇಲ್ಲ. ಆ ಕೈ ಮುಟ್ಟಿದ್ದನ್ನು ತಿಂದವರಿಗೆ, ಕುಡಿದವರಿಗೆ ಜ್ವರ ಬರುತ್ತದೆ.

ಹೊನ್ನಾಜಮ್ಮ ತನ್ನ ಕೈ ನೋಡಿಕೊಂಡಳು. ಆಮೇಲೆ ಕೇಳಿದಳು: "ನನ್ನ ಮಗಳಿಗೆ ಅನ್ನ ಕಿವುಚಿ ಉಣ್ಣಿಸಿದ್ದು ಇದೇ ಕೈ. ಅವಳಿಗೂ ನಾನೇ ಕೊಟ್ಟೆನೇನಪ್ಪ?"

ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ವೈದ್ಯ ಹೇಳಲಿಲ್ಲ. "ಇರಬಹುದು ತಾಯಿ, ಇಲ್ಲದೆಯೂ ಇರಬಹುದು. ಅದನ್ನು ಈಗ ತಿಳಿಯಲು ದಾರಿಯಿಲ್ಲ. ನಾಳೆ ಬರುವವರನ್ನು ಉಳಿಸಲು ಮಾತ್ರ ದಾರಿಯಿದೆ" ಎಂದ.

ಅವಳು ಗುಡಾಣವನ್ನು ಗುಂಡಿಗೆ ಬಗ್ಗಿಸಿ ಮಣ್ಣು ಮುಚ್ಚಿದಳು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಆ ದುಃಖವನ್ನು ನಾನು ಹೇಳಲಾರೆ. ಸುದ್ದಿ ಹಬ್ಬಿತು. ಮಕ್ಕಳನ್ನು ಕಳೆದುಕೊಂಡವರು ಬಾಗಿಲಿಗೆ ಬಂದು ಬಾಯಿಗೆ ಬಂದಂತೆ ಬೈದರು. ಅವಳು ಹೊರಗೆ ಬಂದು, ತಲೆ ತಗ್ಗಿಸಿ ನಿಂತು, ಎಲ್ಲವನ್ನೂ ಕೇಳಿಸಿಕೊಂಡಳು. ಅರವಟ್ಟಿಗೆಯನ್ನು ಸುಟ್ಟುಹಾಕಿ ಎಂದವರೂ ಇದ್ದರು. ಅದು ನನ್ನ ಮಗಳದು, ಇರಲಿ ಬಿಡಿ, ನಾನು ಮುಟ್ಟುವುದಿಲ್ಲ ಎಂದು ಬೇಡಿಕೊಂಡಳು.

ಅರವಟ್ಟಿಗೆ ಉಳಿಯಿತು. ನೆರೆಮನೆಯ ಹೆಂಗಸು ಸೋಪು ಹಚ್ಚಿ ಕೈ ತೊಳೆದು, ಸೌಟಿನಲ್ಲಿ ಮಜ್ಜಿಗೆ ಕಲಕಿ ಕೊಡತೊಡಗಿದಳು. ಹೊನ್ನಾಜಮ್ಮ ದೂರದಲ್ಲಿ ಕುಳಿತು, ನೀರು ಕಾಯಿಸುವ ಒಲೆಗೆ ಸೌದೆ ಒಟ್ಟುತ್ತಿದ್ದಳು. ಬಂದವರಿಗೆಲ್ಲ ಕೈ ತೊಳೆದುಕೊಳ್ಳಿ ಎಂದು ಕೂಗಿ ಹೇಳುತ್ತಿದ್ದಳು. ವಿಷಯ ತಿಳಿಯದ ದೂರದೂರಿನ ಗಾಡಿಯವನೊಬ್ಬ, ನಿನ್ನ ಕೈಯಿಂದಲೇ ಒಂದು ಲೋಟ ಕೊಡಮ್ಮ ಎಂದು ಗೋಗರೆದರೆ, ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಮುಖ ತಿರುಗಿಸುತ್ತಿದ್ದಳು. ಮಳೆ ಹಿಡಿಯುವುದರೊಳಗೆ ಆ ಸೀಮೆಯಲ್ಲಿ ಜ್ವರ ನಿಂತಿತು.

ಗುರುಗಳು ಕತೆ ಮುಗಿಸಿದರು. ತನಗೂ ಆ ಹೆಂಗಸಿಗೂ ಏನಾದರೊಂದು ವ್ಯತ್ಯಾಸ ಇರಲೇಬೇಕೆಂದು ಗುರುಮಲ್ಲನ ಮನಸ್ಸು ಹಟ ಹಿಡಿದಿತ್ತು.

"ಬುದ್ಧಿ, ಅವಳ ಮನಸ್ಸಿನಲ್ಲಿ ಎಲ್ಲೋ ಒಂದಿಷ್ಟು ಕೊಳೆ ಇದ್ದಿರಬೇಕು. ನಾನೇ ಕೊಡುವವಳು ಎಂಬ ಅಹಂಕಾರವೋ, ಏನೋ."

ಗುರುಗಳು ಕೊಡಲಿಯನ್ನೆತ್ತಿ ಅವನ ಕೈಗೆ ಕೊಟ್ಟರು.

"ಅವಳ ಮನಸ್ಸಿನಲ್ಲಿ ಆ ಕೊಳೆ ಹುಡುಕಿ ನೋಡು, ಸಿಕ್ಕಿದರೆ ನಾಳೆಯೇ ಬಂದು ಅನ್ನ ಕಲೆಸು."