ಓಲೆಯಲ್ಲಿ ಬರೆದ ‘ಅವರು’

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನನ್ನ ಸೋದರತ್ತೆ ತಿರುಮಲಮ್ಮ.

ಹೊಳೆಯ ಮಗ್ಗುಲಲ್ಲಿ ಒಂದು ರಾಜ್ಯ. ಅಲ್ಲಿನ ದೊರೆ ಹಸುಗೂಸಾಗಿದ್ದಾಗ ವೈರಿಗಳು ಕೋಟೆಗೆ ನುಗ್ಗಿದ್ದರು. ಯಾರೋ ಪುಣ್ಯಾತ್ಮರು ಕೂಸನ್ನು ಉಳಿಸಿದ್ದರು. ಯಾರೆಂದು ದೊರೆಗೆ ತಿಳಿಯದು.

ದೊರೆ ಕರಣಿಕ ಪದುಮಯ್ಯನನ್ನು ಕರೆದು, “ನನ್ನ ಚರಿತ್ರೆ ಬರಿ. ನನ್ನನ್ನು ಉಳಿಸಿದವರ ಹೆಸರಿನಲ್ಲಿ ದೇವಸ್ಥಾನದಲ್ಲಿ ನಂದಾದೀಪ ಇಡಿಸುತ್ತೇನೆ” ಎಂದ.

ಪದುಮಯ್ಯ ಊರೂರು ವಿಚಾರಿಸಿದ. ಕಡೆಗೆ ಹೊಳೆದಂಡೆಯಲ್ಲಿ ಸಿಕ್ಕವಳು ಹರಿಗೋಲು ಹಾಕುವ ಮುದುಕಿ ಸಣ್ಣೀರಮ್ಮ. “ಹೌದಪ್ಪ, ನಾನೇ. ಮಕ್ಕಳಿಲ್ಲದವಳು ನಾನು. ಸತ್ತ ಮೇಲೆ ಯಾರಾದರೂ ಒಮ್ಮೆ ಹೆಸರು ಹಿಡಿದು ಕರೆದರೆ ಸಾಕು” ಎಂದಳು.

ಇದು ಮಂತ್ರಿ ಭೋಗಣ್ಣನ ಕಿವಿಗೆ ಬಿತ್ತು. ಪದುಮಯ್ಯನನ್ನು ಕರೆಸಿ ಗದರಿದ: “ಏನಯ್ಯ, ಗೌರವಸ್ಥರ ಹೆಸರು ಹಿಡಿದು ಬರೆಯುತ್ತಾರೆಯೆ? ನಿನ್ನ ಹೆಂಡತಿ ನಿನ್ನ ಹೆಸರು ಹೇಳುತ್ತಾಳೆಯೆ? ‘ಅವರು’ ಅಂತ ಬರಿ. ಇಲ್ಲವಾದರೆ ನಿನ್ನ ಎರಡು ಕಂಠವೂ ಉಳಿಯದು.” ಕಂಠ ಅಂದರೆ ಕೊರಳು. ಓಲೆಯ ಮೇಲೆ ಬರೆಯುವ ಕಬ್ಬಿಣದ ಕಡ್ಡಿಗೂ ಅದೇ ಹೆಸರು.

ಮೊದಲನೆಯ ದಿನ ಪದುಮಯ್ಯ ಸಭೆಯಲ್ಲಿ ಓದಿದ: “ಅವರು ಕೂಸನ್ನು ಹೊಳೆ ದಾಟಿಸಿದರು.” ಮಂತ್ರಿ ಕೆಮ್ಮಿ, ತಲೆ ತಗ್ಗಿಸಿ, “ಏನೋ, ನನ್ನ ಕೈಲಾದದ್ದು” ಎಂದ.

ಎರಡನೆಯ ದಿನ ಓದಿದ: “ಅವರು ಆರು ತಿಂಗಳು ಅಂಬಲಿ ಕುಡಿಸಿ ಸಾಕಿದರು.” ಮಂತ್ರಿ ಮತ್ತೆ ಕೆಮ್ಮಿದ. ದೊರೆ, “ನಾಳೆಯೇ ಭೋಗಣ್ಣನ ಹೆಸರಿನಲ್ಲಿ ದೀಪ” ಎಂದುಬಿಟ್ಟ.

ಪದುಮಯ್ಯನಿಗೆ ಮನೆಯಲ್ಲಿ ಕೂತರೆ ಏಳಬೇಕು, ಎದ್ದರೆ ಕೂರಬೇಕು.

“ಮಣೆ ಸುಡುತ್ತಿದೆಯೇನು?” ಎಂದಳು ಹೆಂಡತಿ ಚಂದವ್ವ. ಅವನು ಎಲ್ಲ ಹೇಳಿದ. ಅವಳು ನಕ್ಕಳು. “ನಾನು ನಿಮ್ಮನ್ನು ‘ಅವರು’ ಅಂದರೆ ನಡೆಯುತ್ತದೆ. ಈ ಮನೆಗೆ ಇರುವ ‘ಅವರು’ ನೀವೊಬ್ಬರೇ. ರಾಜ್ಯದಲ್ಲಿ ಎಷ್ಟು ಜನ ‘ಅವರು’! ಆ ಓಲೆಗೆ ಇನ್ನೊಬ್ಬ ‘ಅವರನ್ನು’ ಸೇರಿಸಿ ನೋಡಿ.”

ಮೂರನೆಯ ದಿನ ಪದುಮಯ್ಯ ಕೈಮುಗಿದು ಕೇಳಿದ: “ಮಂತ್ರಿಗಳೇ, ಇದರಲ್ಲಿ ‘ಅವರು’ ಅಂದಲ್ಲೆಲ್ಲ ತಾವೇ ತಾನೆ?”

“ಇನ್ನಾರು? ಓದು.”

“ವೈರಿಯ ಕೈಸನ್ನೆ ಕಂಡು ಅವರು ಕೋಟೆಯ ಹಿಂಬಾಗಿಲ ಅಗುಳಿ ತೆಗೆದರು.”

ಮಂತ್ರಿಗೆ ಕೆಮ್ಮು ಬರಲಿಲ್ಲ. ಬೆವರು ಬಂತು. “ಅದು ನಾನಲ್ಲ ಮಹಾಸ್ವಾಮಿ, ಕಾವಲಿನ ಬೊಮ್ಮ, ಊರಿಗೆಲ್ಲ ಗೊತ್ತು. ಹೆಸರು ಹಾಕಿ ಬರೆಯೋ ಮಾರಾಯ.”

“ಹೆಸರು ಹಾಕಬಾರದು ಅಂದವರು ತಾವೇ.”

ದೊರೆ ಎದ್ದು ನಿಂತ. “ಮೊದಲಿನ ಎರಡು ಓಲೆಗೂ ಹೆಸರು ಹಾಕಿ ಓದು.”

ಪದುಮಯ್ಯ ಓದಿದ. ಸಣ್ಣೀರಮ್ಮನನ್ನು ಕರೆಸಿದರು. ಅವಳು ದೊರೆಯನ್ನು ನೋಡಿ, “ಬೆನ್ನಿನ ಮೇಲೆ ಹಲಸಿನ ಬೀಜದಷ್ಟು ಮಚ್ಚೆ ಇತ್ತು. ಇದೆಯೇನಪ್ಪ ಇನ್ನೂ?” ಎಂದಳು. ದೊರೆಯ ಕೈ ತಾನಾಗಿ ಬೆನ್ನಿಗೆ ಹೋಯಿತು.

ಭೋಗಣ್ಣನ ಮಂತ್ರಿಗಿರಿ ಹೋಯಿತು. ದಿನವೂ ನಂದಾದೀಪಕ್ಕೆ ಎಣ್ಣೆ ಹಾಕಿ, ಗಟ್ಟಿಯಾಗಿ “ಸಣ್ಣೀರಮ್ಮ” ಎನ್ನುವ ಕೆಲಸ ಸಿಕ್ಕಿತು.

ಆದ್ದರಿಂದ ಒಬ್ಬರ ಬಾಳನ್ನು ಬರೆಯುವಾಗ ಮಾಡಿದ ಕೆಲಸದ ಪಕ್ಕದಲ್ಲಿ ಮಾಡಿದವರ ಹೆಸರು ಇರಬೇಕು. ಗೌರವವನ್ನು ಹೆಸರಿನ ಜೊತೆಗೆ ಇಡಿ, ಹೆಸರಿನ ಜಾಗದಲ್ಲಿ ಇಡಬೇಡಿ.

ಈ ಕಥೆಯನ್ನು ನೀವೂ ನಾಲ್ಕು ಜನಕ್ಕೆ ಹೇಳಿ. ಹೇಳುವಾಗ ‘ಯಾರೋ ಒಬ್ಬ ಮುದುಕಿ’ ಅನ್ನಬೇಡಿ. ಹರಿಗೋಲಿನ ಸಣ್ಣೀರಮ್ಮ ಅನ್ನಿ.